ತೋಡು ದಾಟಿದ ವಾರ್ಡ್ ಸಭೆ

ಎರಡು ತಿಂಗಳ ಹಿಂದೆ ಒಂದು ಸಾರ್ವಜನಿಕ ಸಭೆಯಲ್ಲಿ ನಾನು ಹದಿನೈದು ನಿಮಿಷ ನಿದ್ದೆ ಮಾಡಿದೆ. ಎಚ್ಚರವಾದಾಗ ಕನ್ವೀನರ್ ಆಗಿದ್ದೆ.

ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಸಾಕ್ಷಿಗೆ ಸುಮಾರು ಎಪ್ಪತ್ತು ಜನ ಇದ್ದರು. ಚಪ್ಪಾಳೆಯ ಸದ್ದಿಗೆ ಕಣ್ಣು ಬಿಟ್ಟೆ. ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದರು. ಸಭ್ಯ ಮನುಷ್ಯ ಇಂಥ ಹೊತ್ತಿನಲ್ಲಿ ಏನು ಮಾಡುತ್ತಾನೆ? ಎದ್ದು ನಿಂತು ಕೈ ಮುಗಿಯುತ್ತಾನೆ. ನಾನೂ ಮುಗಿದೆ. ಕಥೆಯೂ ಅಲ್ಲಿಗೆ ಮುಗಿಯಬೇಕಿತ್ತು, ಆದರೆ ಶುರುವಾಯಿತು.

ಸಭೆಗೆ ಹೋದದ್ದಾದರೂ ಯಾಕೆ? ನನ್ನ ಹೆಂಡತಿ ವಿಶಾಲು ಕಳಿಸಿದ್ದರಿಂದ. "ರಿಟೈರಾದ ಮೇಲೆ ಮನೇಲಿ ಕೂತು ನನ್ನ ಅಡುಗೆಗೆ ಆಡಿಟ್ ಮಾಡೋ ಬದ್ಲು ಆ ವಾರ್ಡ್ ಸಭೆಗಾದ್ರೂ ಹೋಗ್ಬನ್ನಿ. ಪರಿಪ್ಪುವಡೆ ಕೊಡ್ತಾರಂತೆ" ಎಂದಳು. ಮೈಸೂರಿನಲ್ಲಿ ಹುಟ್ಟಿ, ಬ್ಯಾಂಕ್ ಹೇಳಿದ ಊರುಗಳಲ್ಲೆಲ್ಲ ದುಡಿದು, ಕೊನೆಗೆ ಎರ್ನಾಕುಲಂನಲ್ಲಿ ಬೇರೂರಿದವನು ನಾನು. ನಾನು ಇಲ್ಲಿ ಅಕೌಂಟ್ ತೆರೆದುಕೊಟ್ಟ ಹುಡುಗರ ಮಕ್ಕಳೇ ಈಗ ಕಾಲೇಜಿಗೆ ಹೋಗುತ್ತಿದ್ದಾರೆ. ಅಷ್ಟು ವರ್ಷಗಳಲ್ಲಿ ಒಂದು ಸಲವೂ ವಾರ್ಡ್ ಸಭೆಗೆ ಹೋದವನಲ್ಲ. ಅದೆಲ್ಲ ಊರಿನವರ ವ್ಯವಹಾರ, ನಮಗೇಕೆ ಎಂಬ ಭಾವನೆ. (ಗೌರವವಾಗಿ ಹೇಳುವುದಾದರೆ ವಿನಯ. ನಿಜ ಹೇಳುವುದಾದರೆ ಸೋಮಾರಿತನ.)

ಕೇರಳದ ಸಭೆಗಳ ಶಿಸ್ತು ಗೊತ್ತಿರಬೇಕು ನಿಮಗೆ. ಸ್ವಾಗತ, ಅಧ್ಯಕ್ಷ ಭಾಷಣ, ಉದ್ಘಾಟನೆ. ಆಮೇಲೆ 'ಆಶಂಸೆ' ಎಂಬ ಮಹಾ ವಿಭಾಗ, ಅಂದರೆ ಶುಭ ಕೋರುವವರ ಸಾಲು. ಯಾವುದಕ್ಕೆ ಶುಭ ಎಂದು ಕೇಳಬಾರದು. ಚರಂಡಿ ಹೂಳೆತ್ತುವ ವಿಷಯಕ್ಕೂ ಆರು ಜನ ಶುಭ ಕೋರುತ್ತಾರೆ. ನನಗೆ ನಿದ್ದೆ ಬಂದದ್ದು ಮೂರನೆಯ ಆಶಂಸೆಯಲ್ಲಿ. ಅದು ಮಾನವ ಸಹಜ.

ಎಚ್ಚರವಾದ ಮೇಲೆ ತಿಳಿದದ್ದು ಇಷ್ಟು. ನಮ್ಮ ವಾರ್ಡಿನ ಅಂಗನವಾಡಿಯಲ್ಲಿ ಉಳಿದಿದ್ದ ಮಕ್ಕಳು ಏಳೇ ಏಳು. ಸಂಖ್ಯೆ ಸಾಲದು, ತಿಂಗಳ ಕೊನೆಯೊಳಗೆ ಹೆಚ್ಚಾಗದಿದ್ದರೆ ಎರಡು ವಾರ್ಡು ಆಚೆಗಿನ ಅಂಗನವಾಡಿಯೊಂದಿಗೆ ವಿಲೀನ ಎಂದು ಇಲಾಖೆಯ ಕಾಗದ ಬಂದಿತ್ತು. ಅದನ್ನು ಉಳಿಸಿಕೊಳ್ಳಲು ಒಂದು ಉಪಸಮಿತಿ. ಅದಕ್ಕೆ ಕನ್ವೀನರ್ ಯಾರು? 'ಕಾಗದ ಪತ್ರ ಬಲ್ಲ, ಸಮಯವಿರುವ, ಯಾವ ಪಕ್ಷಕ್ಕೂ ಸೇರದ ವ್ಯಕ್ತಿ'. ಆ ಮೂರೂ ಗುಣಗಳಿದ್ದ ಏಕೈಕ ಮನುಷ್ಯ ಆ ಹೊತ್ತಿನಲ್ಲಿ ಗೊರಕೆ ಹೊಡೆಯುತ್ತಿದ್ದ. ವಿರೋಧವೂ ಬರಲಿಲ್ಲ. ಅವಿರೋಧ ಆಯ್ಕೆ!

ನಿರಾಕರಿಸಬೇಕು ಎಂದೇ ನಮ್ಮ ಕೌನ್ಸಿಲರ್ ರಂಲತ್ ಅವರ ಬಳಿ ಹೋದೆ. ಹಿಂದೆ ಹೊಲಿಗೆ ಅಂಗಡಿ ಇಟ್ಟಿದ್ದವರು, ಚುನಾವಣೆಯಲ್ಲಿ ಗೆದ್ದರೂ ಕುತ್ತಿಗೆಯ ಅಳತೆ ಟೇಪನ್ನು ಬಿಟ್ಟವರಲ್ಲ. ಊರೆಲ್ಲ ಅವರನ್ನು 'ಇತ್ತಾ' ಎನ್ನುತ್ತದೆ, ಅಂದರೆ ಅಕ್ಕ. "ಇತ್ತಾ, ನನ್ನಿಂದ ಆಗದು" ಎನ್ನುವಷ್ಟರಲ್ಲಿ ಅವರ ಹಿಂದೆ ನಿಂತಿದ್ದ ಓಮನ ಟೀಚರ್ ಕಂಡರು.

ಆ ಅಂಗನವಾಡಿಯನ್ನು ಇಪ್ಪತ್ತೆರಡು ವರ್ಷದಿಂದ ನಡೆಸುತ್ತಿರುವವರು ಅವರು. ಮಾತು ಕಡಿಮೆ. ನನ್ನನ್ನು ನೋಡಿ, "ಸಾರೇ, ವಿಲೀನ ಅಂದರೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುವವರು ಯಾರು? ದೊಡ್ಡ ರಸ್ತೆ ದಾಟಬೇಕು. ಒಂದು ಮಗುವೂ ಹೋಗುವುದಿಲ್ಲ. ಅದಕ್ಕೆ ಹೆಸರು ಮಾತ್ರ ವಿಲೀನ" ಎಂದರು.

ವಿಲೀನ! ಬ್ಯಾಂಕಿನವರ ಮುಂದೆ ಆಡಬಾರದ ಮಾತು ಅದು. ನಾನು ಕೆಲಸಕ್ಕೆ ಸೇರಿದ ಬ್ಯಾಂಕು ಈಗ ಭೂಮಿಯ ಮೇಲೆ ಇಲ್ಲ. ಒಂದು ಬೆಳಿಗ್ಗೆ ಬಂದು ಬೋರ್ಡು ಇಳಿಸಿದರು. ನಾವು ಹಲ್ಲು ಕಿರಿದು ಹೊಸ ಬೋರ್ಡಿನ ಕೆಳಗೆ ನಿಂತು ಫೋಟೊ ತೆಗೆಸಿಕೊಂಡೆವು. ಆ ಫೋಟೊದಲ್ಲಿ ನಗುತ್ತಿರುವವರೆಲ್ಲ ಯಾರದೋ ಮದುವೆಗೆ ತಪ್ಪಿ ಬಂದವರಂತೆ ಕಾಣುತ್ತಾರೆ. "ಆಯಿತು ಟೀಚರ್, ನೋಡೋಣ" ಎಂದುಬಿಟ್ಟೆ.

ಮಕ್ಕಳೇನು ವಾರ್ಡಿನಲ್ಲಿ ಇರಲಿಲ್ಲವೇ? ತುಂಬ ಇದ್ದರು. ಅಂಗನವಾಡಿಯ ಬಲಕ್ಕೆ ನಮ್ಮ ಹನ್ನೆರಡು ಮಹಡಿಯ ಅಪಾರ್ಟ್‌ಮೆಂಟು. ಅಲ್ಲಿನ ಮಕ್ಕಳು ಏಸಿ ಇರುವ ಪ್ಲೇಸ್ಕೂಲಿಗೆ ಹೋಗುತ್ತಾರೆ. ಎಡಕ್ಕೆ ತೋಡು, ಅಂದರೆ ಕಾಲುವೆ. ತೋಡಿನ ಆಚೆ ಸಾಲು ಕೋಣೆಗಳು. ವಲ್ಲಾರ್ಪಾಡಂನ ಕಂಟೇನರ್ ಯಾರ್ಡಿನಲ್ಲಿ, ಕಟ್ಟಡಗಳಲ್ಲಿ, ಹೋಟೆಲುಗಳಲ್ಲಿ ದುಡಿಯುವ ಒಡಿಶಾ, ಬಂಗಾಳ, ಬಿಹಾರ, ತಮಿಳುನಾಡಿನವರು ಸಂಸಾರ ಸಮೇತ ಅಲ್ಲಿದ್ದಾರೆ. ಅಲ್ಲಿಂದ ಬರುತ್ತಿದ್ದ ಮಕ್ಕಳು ಮೂರೇ. ಮಿಕ್ಕವರು ಹಗಲೆಲ್ಲ ಬಾಗಿಲಲ್ಲಿ ಕೂತು ತೋಡಿಗೆ ಕಲ್ಲು ಎಸೆಯುತ್ತಿದ್ದರು.

ಅವರನ್ನು ಸೇರಿಸಿಕೊಂಡರೆ ಸಮಸ್ಯೆ ಮುಗಿಯಿತಲ್ಲ? ಇದು ನನ್ನ ಮಹತ್ತರ ಚಿಂತನೆ. ಮುಂದಿನ ಕೆಲಸ ಸುಲಭ. ಮೂವತ್ತೈದು ವರ್ಷ ನಾನು ಮಾಡಿದ ಕೆಲಸವೇ ಅದು.

ಒಂದು ಫಾರಂ ತಯಾರಿಸಿದೆ.

ನಾಲ್ಕು ಪುಟ. ಸುಂದರವಾದ ಫಾರಂ. ಈಗಲೂ ಅದರ ವಿನ್ಯಾಸದ ಬಗ್ಗೆ ನನಗೆ ಗೌರವವಿದೆ. ಮಗುವಿನ ಹೆಸರು, ಖಾಯಂ ವಿಳಾಸ, ಹಾಲಿ ವಿಳಾಸ, ತಂದೆಯ ಉದ್ಯೋಗದಾತರ ದೃಢೀಕರಣ. ಗುರುತಿನ ದಾಖಲೆ ಒಂದು, ವಿಳಾಸದ ದಾಖಲೆ ಒಂದು, ತಲಾ ಎರಡು ಪ್ರತಿ. ಪಾಸ್‌ಪೋರ್ಟ್ ಅಳತೆಯ ಫೋಟೊ ಮೂರು. ಕೊನೆಯ ಪುಟದಲ್ಲಿ ಪರಿಚಯಿಸುವವರ ಸಹಿ, ಅಂದರೆ ಈಗಾಗಲೇ ಅಂಗನವಾಡಿಯಲ್ಲಿ ಮಗು ಇರುವ ಒಬ್ಬ ಪೋಷಕರು ಈ ಹೊಸ ಮಗುವನ್ನು 'ಕನಿಷ್ಠ ಆರು ತಿಂಗಳಿಂದ ಬಲ್ಲೆ' ಎಂದು ಬರೆದುಕೊಡಬೇಕು. (ಮಗುವಿನ ವಯಸ್ಸು ಮೂರು. ಅದರ ಪೂರ್ವ ಚರಿತ್ರೆ ತಿಳಿಯಬೇಡವೇ?)

ಭಾಷೆಯ ತೊಂದರೆ ಆಗಬಾರದೆಂದು ಹಿಂದಿಗೂ ನಾನೇ ಅನುವಾದಿಸಿದೆ. ಬ್ಯಾಂಕಿನಲ್ಲಿ ಪ್ರತಿ ವರ್ಷ ಹದಿನೈದು ದಿನ ಹಿಂದಿ ಪಖವಾಡ ಆಚರಿಸಿ ಕಲಿತ ರಾಜಭಾಷೆ ಅದು. ಹಿಂದಿ ಮಾತೃಭಾಷೆಯಾದವರೂ ಬೆಚ್ಚಿ ಎದ್ದು ನಿಲ್ಲುವಂಥ ಹಿಂದಿ. ಒಂದು ಸೋಮವಾರ ತೋಡು ದಾಟಿ, ಕೋಣೆ ಕೋಣೆಗೂ ಫಾರಂ ಹಂಚಿ, ಇಸ್ತ್ರಿ ಮಾಡಿದ ಶರ್ಟಿನಲ್ಲಿ ಗಂಭೀರವಾಗಿ ವಾಪಸು ಬಂದೆ.

ಮಂಗಳವಾರ ಅಂಗನವಾಡಿಗೆ ಬಂದ ಮಕ್ಕಳು ನಾಲ್ಕು.

ತೋಡಿನ ಆಚೆಯಿಂದ ಬರುತ್ತಿದ್ದ ಆ ಮೂವರೂ ನಾಪತ್ತೆ. ಹೋಗಿ ನೋಡಿದರೆ ಅರ್ಧ ಕೋಣೆಗಳಿಗೆ ಬೀಗ. ಇಸ್ತ್ರಿ ಶರ್ಟು ತೊಟ್ಟ, ಕನ್ನಡಕ ಹಾಕಿದ ಒಬ್ಬ ಮುದುಕ ಬಂದು ಫೋಟೊ ಕೇಳಿದ, ಮಾಲೀಕನ ಹೆಸರು ಕೇಳಿದ, ಊರಿನ ವಿಳಾಸ ಕೇಳಿದ. ಇದು ಪೊಲೀಸ್ ವಿಚಾರಣೆಯೇ ಇರಬೇಕು, ನಮ್ಮನ್ನು ಎಬ್ಬಿಸುವ ಮೊದಲ ಹೆಜ್ಜೆಯೇ ಇರಬೇಕು ಎಂದು ಅವರು ತೀರ್ಮಾನಿಸಿದ್ದರು. ನಾನಾಗಿದ್ದರೂ ಅದನ್ನೇ ತೀರ್ಮಾನಿಸುತ್ತಿದ್ದೆ.

ಓಮನ ಟೀಚರ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬಳಸದೆ ಉಳಿದ ಮೂರು ಪುಟ್ಟ ಸ್ಟೀಲ್ ತಟ್ಟೆಗಳನ್ನು ಒರೆಸಿ, ಕಪಾಟಿನಲ್ಲಿಟ್ಟು, ಬಾಗಿಲು ಮುಚ್ಚಿದರು. ಒಂದು ಸಂಸ್ಥೆಯನ್ನು ಉಳಿಸಲು ಹೊರಟು ಒಂದೇ ದಿನದಲ್ಲಿ ಅದನ್ನು ಅರ್ಧಕ್ಕೆ ಇಳಿಸಿದ ಕನ್ವೀನರು ಇತಿಹಾಸದಲ್ಲಿ ಇನ್ನೊಬ್ಬರಿದ್ದಾರೆಯೇ?

ಬೈಯುವ ಕೆಲಸವನ್ನು ಇತ್ತಾ ಮಾಡಿದರು. ಫಾರಂ ತಿರುವಿ ಮುರುವಿ ನೋಡಿ, ಹುಬ್ಬು ಏರಿಸಿದರು.

"ಅಲ್ಲ ಸಾರೇ, ಈ ಮಕ್ಕಳು ಬರುವುದು ಉಪ್ಪಿಟ್ಟು ತಿನ್ನುವುದಕ್ಕೋ, ಹೌಸಿಂಗ್ ಲೋನ್ ತೆಗೆಯುವುದಕ್ಕೋ?"

"ನಿಯಮ ಅಂತ ಒಂದು ಇರಬೇಕಲ್ಲ ಇತ್ತಾ..."

"ಯಾವ ನಿಯಮ? ಅಂಗನವಾಡಿಯದು ನಾನು ಓದಿದ್ದೇನೆ. ಇದರಲ್ಲಿ ಅರ್ಧ ನಿಮ್ಮ ತಲೆಯದು." ಕುತ್ತಿಗೆಯ ಟೇಪು ಸರಿಮಾಡಿಕೊಂಡು ಮುಂದುವರಿಸಿದರು. "ಬಟ್ಟೆ ಹೊಲಿಯುವವಳು ನಾನು. ಅಳತೆ ತೆಗೆಯದೆ ಬಟ್ಟೆ ಕತ್ತರಿಸಿದಿರಿ. ತಪ್ಪು ನಿಮ್ಮದೊಬ್ಬರದೇ ಅಲ್ಲ ಬಿಡಿ. ನಾನು ಗೆದ್ದು ಎಷ್ಟು ವಾರ್ಡ್ ಸಭೆ ಮಾಡಿದೆ? ತೋಡಿನ ಆಚೆಯವರು ಒಬ್ಬರಾದರೂ ಬಂದಿದ್ದಾರಾ?"

"ಇಲ್ಲ."

"ಯಾಕೆ ಬರಬೇಕು? ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ಅವರಿಗೆ ಕೆಲಸ. ಮೇಲಿನ ಮಹಡಿಯಲ್ಲಿ ಸಭೆ, ಚಪ್ಪಲಿ ಬಿಚ್ಚಿ ಹತ್ತಬೇಕು. ಎಲ್ಲ ಮಲಯಾಳಂ. ಮೇಲೆ ಆರು ಆಶಂಸೆ. ನೀವೇ ನಿದ್ದೆ ಮಾಡಿದಿರಲ್ಲ!"

(ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಆಯ್ಕೆ ಮಾಡಿದ್ದರು. ರಾಜಕಾರಣ ಎಂದರೆ ಇದು.)

ಆಮೇಲೆ ಅವರು ಮಾಡಿದ್ದು ಬಹಳ ಸಣ್ಣ ಕೆಲಸ. ಒಂದು ವಿಶೇಷ ವಾರ್ಡ್ ಸಭೆ ಕರೆದರು. ಭಾನುವಾರ ಸಂಜೆ ನಾಲ್ಕಕ್ಕೆ, ಸಾಲು ಕೋಣೆಗಳ ಅಂಗಳದಲ್ಲಿ. ವೇದಿಕೆ ಇಲ್ಲ. ಆಶಂಸೆ ಇಲ್ಲ. (ಇದಕ್ಕೆ ಪಕ್ಷಾತೀತ ವಿರೋಧ ಬಂತು. ಇತ್ತಾ ಜಗ್ಗಲಿಲ್ಲ.) ಕಾರ್ಪೊರೇಷನ್ನಿನ ಪ್ಲಾಸ್ಟಿಕ್ ಕುರ್ಚಿಗಳನ್ನು ನಾವೇ ತಲೆಯ ಮೇಲೆ ಹೊತ್ತು ಕಾಲುಸೇತುವೆ ದಾಟಿದೆವು. ಮಾಜಿ ಚೀಫ್ ಮ್ಯಾನೇಜರ್ ಒಬ್ಬ ತಲೆಯ ಮೇಲೆ ಮೂರು ಕುರ್ಚಿ ಹೊತ್ತು ನಡೆಯುವ ದೃಶ್ಯವನ್ನು ವಿಶಾಲು ಬಾಲ್ಕನಿಯಿಂದ ವಿಡಿಯೊ ಮಾಡಿದಳು. ನಮ್ಮ ಕುಟುಂಬದ ಗ್ರೂಪಿನಲ್ಲಿ ಅದಿನ್ನೂ ಓಡಾಡುತ್ತಿದೆ.

ಜನ ಬಂದರು. ಬಾಗಿಲಿಗೇ ಬಂದ ಸಭೆಯಿಂದ ತಪ್ಪಿಸಿಕೊಂಡು ಎಲ್ಲಿಗೆ ಹೋಗುತ್ತಾರೆ? ಆದರೆ ದೂರ ದೂರ ನಿಂತರು. ನಾನು ಮೈಕ್ ಹಿಡಿದು, "ಕೃಪಯಾ ಸಮಸ್ತ ಅಭಿಭಾವಕಗಣ ಆಸನ ಗ್ರಹಣ ಕರೇಂ" ಎಂದೆ. ಇನ್ನೂ ಎರಡು ಹೆಜ್ಜೆ ಹಿಂದೆ ಸರಿದರು.

ಆಗ ಹಿಂದಿನಿಂದ ಕನ್ನಡ ಕೇಳಿತು.

"ಏನ್ರೀ ಮ್ಯಾನೇಜರ್ ಸಾಹೇಬ್ರ, ಅವ್ರಿಗೆ ಯಾಕ್ ಹಂಗ್ ಹೆದ್ರಸಾಕತ್ತೀರಿ?"

ಜೈತೂನಬಿ! ನಮ್ಮ ಅಪಾರ್ಟ್‌ಮೆಂಟಿನ ಐದನೆಯ ಮಹಡಿಯವರು. ಮಗ ಸೊಸೆ ಇಬ್ಬರೂ ಐಟಿ ಪಾರ್ಕಿನಲ್ಲಿ. ಮೊಮ್ಮಗಳು ಸಾರಾಳನ್ನು ನೋಡಿಕೊಳ್ಳಲು ಹುಬ್ಬಳ್ಳಿಯಿಂದ ಬಂದವರು. ಮೊಮ್ಮಗಳ ಕೈ ಹಿಡಿದು, ಇಲ್ಲೇನು ಗದ್ದಲ ಎಂದು ನೋಡಲು ತೋಡು ದಾಟಿ ಬಂದಿದ್ದರು. ಮಲಯಾಳಂ ಒಂದಕ್ಷರ ಬರುವುದಿಲ್ಲ. ಹುಬ್ಬಳ್ಳಿಯ ಕನ್ನಡ, ಮನೆಯ ದಖನಿ ಉರ್ದು, ಎರಡೂ ಒಂದೇ ವೇಗದಲ್ಲಿ ಬರುತ್ತವೆ.

"ಸಭೆ ಬೀಬಿ, ಮಕ್ಕಳನ್ನು ಅಂಗನವಾಡಿಗೆ ಕಳಿಸಿ ಅಂತ ಹೇಳ್ಬೇಕು. ಇವರಿಗೆ ಅರ್ಥ ಆಗ್ತಿಲ್ಲ" ಎಂದೆ.

"ಅವ್ರಿಗೆ ಆಗ್ತೈತ್ರೀ. ನಿಮಗ ಹೇಳಾಕ ಬರಂಗಿಲ್ಲ. ತರ್ರಿ ಇಲ್ಲಿ ಅದನ್ನ." ಮೈಕ್ ಕಸಿದುಕೊಂಡೇಬಿಟ್ಟರು. "ಅರೇ, ಡರೋ ನಕ್ಕೋ! ಬೈಠೋ, ಬೈಠೋ!"

ಕೂತರು. ಎಲ್ಲರೂ ಕೂತರು. ಮೂವತ್ತೈದು ವರ್ಷದ ಹಿಂದಿ ಪಖವಾಡ ಆ ಕ್ಷಣದಲ್ಲಿ ವ್ಯರ್ಥವಾಯಿತು.

ಆಮೇಲೆ ನಡೆದದ್ದು ಹೀಗೆ. ಇತ್ತಾ ಮಲಯಾಳಂನಲ್ಲಿ ಹೇಳುವುದು. ನಾನು ಅದನ್ನು ಕನ್ನಡದಲ್ಲಿ ಜೈತೂನಬಿಗೆ ಹೇಳುವುದು. ಅವರು ದಖನಿಯಲ್ಲಿ ಸಭೆಗೆ ಹೇಳುವುದು. ಅದು ಸಭೆಯ ಒಳಗೆ ಒಡಿಯಾ ಬಂಗಾಳಿಗಳಾಗಿ ಹಂಚಿಹೋಗುವುದು. ಇತ್ತಾ ಹತ್ತು ನಿಮಿಷ ಮಾತಾಡಿದ್ದನ್ನು ನಾನು ಐದು ನಿಮಿಷಕ್ಕೆ ಇಳಿಸಿದೆ. ಜೈತೂನಬಿ ಅದನ್ನು ಒಂದೇ ಉಸಿರಿಗೆ ಮುಗಿಸಿದರು. "ಮಕ್ಕಳನ್ನು ಕಳಿಸಿ, ಊಟ ಕೊಡುತ್ತಾರೆ, ಯಾರೂ ಹಿಡಿದುಕೊಂಡು ಹೋಗುವುದಿಲ್ಲ, ಹಿಡಿಯಲು ಬಂದರೆ ನಾನಿದ್ದೇನೆ." ಕೊನೆಯ ವಾಕ್ಯ ಮೂಲದಲ್ಲಿ ಇರಲಿಲ್ಲ. ಆದರೆ ಅದಕ್ಕೇ ಜನ ನಕ್ಕದ್ದು.

ನಕ್ಕ ಮೇಲೆ ಒಬ್ಬ ಹೆಂಗಸು ಎದ್ದಳು. ಹೆಸರು ಝರ್ನಾ. ಒಡಿಶಾದವಳು. ಗಂಡ ಕಂಟೇನರ್ ಯಾರ್ಡಿನಲ್ಲಿ, ಅವಳು ಸಿಗಡಿ ಸುಲಿಯುವ ಶೆಡ್ಡಿನಲ್ಲಿ. ಸೊಂಟದಲ್ಲಿ ಮೂರೂವರೆ ವರ್ಷದ ಮಗ. ಅವಳು ಹೇಳಿದ್ದನ್ನು ಜೈತೂನಬಿ ನನಗೆ ಕನ್ನಡದಲ್ಲಿ ಹೇಳುವಾಗ ದನಿ ತಗ್ಗಿಸಿದರು.

"ಈಕಿ ಮಗಾ ಹೋದ ವರ್ಷ ಅಂಗನವಾಡಿಗೆ ಒಂದ್ ವಾರ ಬಂದಿದ್ನಂತ್ರೀ. ಒಂದಕ್ಕ ಬಂದ್ರ ಹೆಂಗ್ ಹೇಳ್ಬೇಕಂತ ಗೊತ್ತಾಗ್ಲಿಲ್ಲಂತ, ಪಾಪ. ಕೂತಲ್ಲೇ ಆತು. ಹುಡುಗ್ರು ನಕ್ರಂತ. ಮರುದಿನದಿಂದ ಬರಾಕ ಒಲ್ಲೆ ಅಂದಾನ. ಇದನ್ನ ಯಾರಿಗಿ ಹೇಳ್ಬೇಕ್ರೀ ಆಕಿ?"

ನಾನು ಮಲಯಾಳಂನಲ್ಲಿ ಹೇಳಿದೆ.

ನನ್ನ ನಾಲ್ಕು ಪುಟಗಳಲ್ಲಿ ಖಾಯಂ ವಿಳಾಸಕ್ಕೆ ಮೂರು ಸಾಲು ಇತ್ತು. ಈ ಪ್ರಶ್ನೆಗೆ ಜಾಗವೇ ಇರಲಿಲ್ಲ.

ಓಮನ ಟೀಚರ್ ಕುರ್ಚಿಯಿಂದ ಎದ್ದರು. ನೇರ ಝರ್ನಾಳ ಮುಂದೆ ಹೋಗಿ ನಿಂತರು. "ಅವತ್ತು ಒರೆಸಿದವಳು ನಾನೇ ಮಗಳೇ. ಯಾಕೆ ಬರಲಿಲ್ಲ ಅಂತ ಆಮೇಲೆ ನಾನು ಬಂದು ಕೇಳಬೇಕಿತ್ತು. ಕೇಳಲಿಲ್ಲ. ತಪ್ಪು ನನ್ನದು" ಎಂದರು. ಮಗುವಿನ ಕಡೆ ತಿರುಗಿ, "ಅವನ ಭಾಷೆಯಲ್ಲಿ ಅದಕ್ಕೆ ಏನು ಅನ್ನುತ್ತಾರೆ? ಈಗಲೇ ಹೇಳಿಕೊಡಿ. ನಾಳೆ ನನಗೆ ಗೊತ್ತಿರುತ್ತದೆ" ಎಂದರು. ಚೀಲದಿಂದ ಪೆನ್ನು ತೆಗೆದರು.

ಝರ್ನಾ ಹೇಳಿಕೊಟ್ಟಳು. ಟೀಚರ್ ಮಲಯಾಳಂ ಲಿಪಿಯಲ್ಲಿ ಬರೆದುಕೊಂಡು ಓದಿದರು. ತಪ್ಪಾಗಿ ಓದಿರಬೇಕು, ಏಕೆಂದರೆ ಆ ಮಗು ಕಿಲಕಿಲ ನಕ್ಕಿತು. ಈ ಸಲ ನಗುವ ಸರದಿ ಅವನದು. ಅಷ್ಟೇ ಸಾಕಾಯಿತು. ಹೆಂಗಸರೆಲ್ಲ ಸುತ್ತುಗಟ್ಟಿದರು. ನಮ್ಮದು ಬರ್ಕೊಳ್ಳಿ, ನಮ್ಮದು ಬರ್ಕೊಳ್ಳಿ! ಹಸಿವಿಗೆ ಏನು, ನೀರಿಗೆ ಏನು, ಅಮ್ಮ ಬೇಕು ಎನ್ನುವುದಕ್ಕೆ ಏನು. ಪಾಣಿ, ಪಾನಿ, ಜೋಲ್, ತಣ್ಣಿ, ವೆಳ್ಳಂ, ನೀರು. ನಾನು ಕನ್ನಡದ ವತಿಯಿಂದ ಗಂಭೀರವಾಗಿ ನಾಲ್ಕು ಶಬ್ದ ಸಲ್ಲಿಸಿದೆ. ಅದರಲ್ಲಿ ಎರಡನ್ನು ಜೈತೂನಬಿ ತಿದ್ದಿ ಹುಬ್ಬಳ್ಳಿಯದಾಗಿಸಿದರು.

ಇಷ್ಟರ ನಡುವೆ ಝರ್ನಾ ಇನ್ನೊಂದು ಪ್ರಶ್ನೆ ಎಸೆದಳು. ಜೈತೂನಬಿಯ ಕೈ ಹಿಡಿದಿದ್ದ ಸಾರಾಳನ್ನು ತೋರಿಸಿ, "ಈ ಮಗು ಯಾವ ಶಾಲೆಗೆ ಹೋಗುತ್ತದೆ?" ಎಂದಳು.

ಒಳ್ಳೆಯ ಪ್ರಶ್ನೆ. ನಮ್ಮ ಮಕ್ಕಳಿಗೆ ಏಸಿ, ನಿಮ್ಮ ಮಕ್ಕಳಿಗೆ ಅಂಗನವಾಡಿ ಎಂದು ಹೇಳಲು ಕುರ್ಚಿ ಹೊತ್ತು ಬಂದಿದ್ದೆವೇ ನಾವು? ನಾನು ತೋಡಿನ ಕಡೆ ನೋಡಿದೆ. ಜೈತೂನಬಿ ಮಾತ್ರ ರೆಪ್ಪೆ ಬಡಿಯಲಿಲ್ಲ.

"ನಾಳೆಯಿಂದ ಈಕಿ ಇಲ್ಲಿಗೇ ಬರ್ತಾಳ ಅಂತ ಹೇಳ್ರಿ ಆಕಿಗಿ" ಎಂದು ಮೊದಲು ನನಗೆ ಹೇಳಿ, ಅನುವಾದಕ ತಾವೇ ಎಂದು ನೆನಪಾಗಿ, ತಾವೇ ಹೇಳಿದರು.

ಅವತ್ತು ಐದನೆಯ ಮಹಡಿಯಲ್ಲಿ ದೊಡ್ಡ ಅಧಿವೇಶನವೇ ನಡೆಯಿತಂತೆ. ಮಗ, "ಅಮ್ಮೀ, ಪ್ಲೇಸ್ಕೂಲಿಗೆ ಸೇರಿಸಿ ಆಗಿದೆ, ಅಲ್ಲಿ ಆಕ್ಟಿವಿಟಿ ಇದೆ, ಏಸಿ ಇದೆ" ಎಂದ. "ಏಸಿಗೇ ಕೂಸಿನ ಮೂಗ್ ಸೋರಾಕತ್ತೈತಿ. ಮತ್ತ ಮಂದ್ಯಾಗ ನಾ ಮಾತ್ ಕೊಟ್ಟೀನಿ. ನೀ ಏನ್ ನಿನ್ನ ತಾಯಿ ಮಾತಿಗಿ ಬೆಲೆ ಇಲ್ಲಂತಿ?" ಎಂದರು ಇವರು. ಇಷ್ಟಾದ ಮೇಲೆ ಯಾವ ಐಟಿ ಕಂಪನಿಯ ಟೀಮ್ ಲೀಡ್ ಏನು ತಾನೇ ಮಾಡಿಯಾನು?

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಓಮನ ಟೀಚರ್ ಬಾಗಿಲಲ್ಲಿ ನಿಂತಿದ್ದರು. ನಾನು ಎದುರಿನ ಚಹಾ ಅಂಗಡಿಯಲ್ಲಿ ಪೇಪರಿನ ಹಿಂದೆ ಅಡಗಿ ಕೂತಿದ್ದೆ. (ನನ್ನನ್ನು ನೋಡಿ ಯಾರಾದರೂ ಓಡಿಹೋದಾರು ಎಂಬ ಭಯ.) ಮೊದಲು ಸಾರಾ ಬಂದಳು. ಆಮೇಲೆ ಝರ್ನಾ, ಮಗನ ಜೊತೆ. ಅವಳ ಹಿಂದೆ ಎರಡು ಮಕ್ಕಳು. ಅವರ ಹಿಂದೆ ಕಾಲುಸೇತುವೆಯ ಮೇಲೆ ಒಂದು ಸಾಲು! ತಲೆಗೆ ಎಣ್ಣೆ, ಮುಖಕ್ಕೆ ಪೌಡರ್, ಕೈಯಲ್ಲಿ ಬಿಸ್ಕತ್ತು. ನಾನು ಪೇಪರ್ ತಲೆಕೆಳಗಾಗಿ ಹಿಡಿದಿದ್ದೆ ಎಂದು ಚಹಾ ಅಂಗಡಿಯವನು ಆಮೇಲೆ ಹೇಳಿದ.

ಹತ್ತೊಂಬತ್ತು. ಆ ವಾರ ಮುಗಿಯುವಷ್ಟರಲ್ಲಿ ಇಪ್ಪತ್ತಮೂರು. ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಸ್ವಚ್ಛತೆ, ಸೋಂಕು, ಭವಿಷ್ಯ ಎಂಬ ಮೂರು ವಿಷಯಗಳ ಮೇಲೆ ಎರಡು ದಿನ ಚರ್ಚೆಯಾಯಿತು. ಮೂರನೆಯ ದಿನ ಸಾರಾ ಲಿಫ್ಟಿನಲ್ಲಿ ಮಲಯಾಳಂ ಶಿಶುಗೀತೆ ಹಾಡಿ, ಒಡಿಯಾದಲ್ಲಿ ಹತ್ತರವರೆಗೆ ಎಣಿಸಿದಳು. ನಾಲ್ಕನೆಯ ದಿನ ಏಳನೆಯ ಮಹಡಿಯ ಅವಳಿ ಮಕ್ಕಳು ಅಂಗನವಾಡಿಗೆ ಬಂದರು. ಚರ್ಚೆ ಮುಕ್ತಾಯ.

ಆದರೆ ಕಾಗದ ಎಂಬುದು ಒಂದು ಇದೆಯಲ್ಲ? ವಿಲೀನದ ಆದೇಶ ತಿರುವನಂತಪುರದಲ್ಲಿ ಅಂತಿಮ ಸಹಿಗೆ ಹೋಗಿದೆ ಎಂಬ ಸುದ್ದಿ ಬಂತು. ಇತ್ತಾ, ಓಮನ ಟೀಚರ್, ನಾನು, ಮೂವರೂ ಬೆಳಗಿನ ರೈಲು ಹಿಡಿದೆವು. ನನ್ನ ತೊಡೆಯ ಮೇಲೆ ವಾರ್ಡ್ ಸಭೆಯ ನಡಾವಳಿ ಪುಸ್ತಕ. ಅದರಲ್ಲಿ ಅಂಗನವಾಡಿ ಇಲ್ಲೇ ಉಳಿಯಬೇಕು ಎಂಬ ಅಂಗಳದ ಸಭೆಯ ನಿರ್ಣಯ, ಕೆಳಗೆ ಎಲ್ಲರ ಸಹಿ. ಪುಟ ಸಂಖ್ಯೆ ಹಾಕಿ, ಟ್ಯಾಗ್ ಕಟ್ಟಿ, ಬಣ್ಣದ ಚೀಟಿ ಅಂಟಿಸಿದ್ದೆ. ಈ ಒಂದು ವಿದ್ಯೆಯನ್ನಾದರೂ ದೇಶ ಬಳಸಿಕೊಳ್ಳಲಿ ಎಂಬ ಆಸೆ.

ಇಲಾಖೆಯ ಕಚೇರಿಯ ಮೂರನೆಯ ಮಹಡಿಯಲ್ಲಿದ್ದ ಅಧಿಕಾರಿ ಕೆಟ್ಟವರಲ್ಲ. ಕನ್ನಡಕವನ್ನು ಹಣೆಗೇರಿಸಿ, "ಮಕ್ಕಳು ಹೆಚ್ಚಾಗಿದ್ದಾರೆ, ಸಂತೋಷ. ಆದರೆ ಹೆಚ್ಚಿನವರು ಹೊರಗಿನಿಂದ ಬಂದವರು. ಮುಂದಿನ ವರ್ಷ ಬೇರೆ ಊರಿಗೆ ಹೋದರೆ? ಮತ್ತೆ ಏಳೇ ಆಗುತ್ತದಲ್ಲ?" ಎಂದರು.

ಇತ್ತಾ ಬಾಯಿ ತೆರೆಯುವಷ್ಟರಲ್ಲಿ ಓಮನ ಟೀಚರ್ ಮಾತಾಡಿದರು. ರೈಲಿನಲ್ಲಿ ಮೂರೂವರೆ ಗಂಟೆ ಒಂದು ಮಾತೂ ಆಡದವರು!

"ಹೋಗುತ್ತಾರೆ ಸಾರೇ. ಹೋಗುವವರೆಗೆ ಇರುತ್ತಾರಲ್ಲ? ಅಷ್ಟು ದಿನ ಅವರಿಗೆ ಹಸಿವಾಗುವುದಿಲ್ಲವಾ? ನಿಮಗೂ ಟ್ರಾನ್ಸ್‌ಫರ್ ಇದೆ. ಹಾಗಂತ ನಿಮಗೆ ಈ ಕುರ್ಚಿ ಕೊಡದೆ ಇದ್ದರಾ?"

ನಾನು ಕಣ್ಣು ಮುಚ್ಚಿದೆ. (ನಿದ್ದೆಯಲ್ಲ, ಭಯ.) ಕಣ್ಣು ತೆರೆದಾಗ ಅಧಿಕಾರಿ ನಗುತ್ತಿದ್ದರು. ನಡಾವಳಿ ಪುಸ್ತಕ ಎಳೆದುಕೊಂಡು ಸಹಿಗಳ ಪುಟ ತೆರೆದರು. ಮಲಯಾಳಂ, ಒಡಿಯಾ, ಬಂಗಾಳಿ, ಹಿಂದಿ, ತಮಿಳು, ಕನ್ನಡ, ನಡುನಡುವೆ ಹೆಬ್ಬೆಟ್ಟು.

"ಇದು ವಾರ್ಡ್ ಸಭೆಯೋ, ಜಂಕ್ಷನ್ ಸ್ಟೇಷನ್ನೋ?"

"ನಮ್ಮ ವಾರ್ಡು ಹಾಗೇ ಸಾರೇ. ಯಾವ ಗಾಡಿಯೂ ನಿಲ್ಲದೆ ಹೋಗುವುದಿಲ್ಲ" ಎಂದರು ಇತ್ತಾ.

ಸ್ಥಳೀಯ ಸಂಸ್ಥೆಯ ನಿರ್ಣಯವಿದ್ದರೆ ಆದೇಶವನ್ನು ಮರುಪರಿಶೀಲಿಸಬಹುದಂತೆ. ಅವರಿಗೆ ಬೇಕಾಗಿದ್ದದ್ದು ಆ ನಿರ್ಣಯ. ಅದು ನಮ್ಮಲ್ಲಿತ್ತು, ಪುಟ ಸಂಖ್ಯೆ ಸಮೇತ. ಫೈಲಿನಲ್ಲಿ ಹಸಿರು ಶಾಯಿಯಲ್ಲಿ ಎರಡು ಸಾಲು ಬರೆದರು. ವಿಲೀನ ರದ್ದು!

ನಾನು ಸೇರಿದ ಬ್ಯಾಂಕಿಗೆ ಸಿಗದ ಎರಡು ಸಾಲು ಅದು. ಮೆಟ್ಟಿಲು ಇಳಿಯುವಾಗ ನನ್ನ ಕಾಲುಗಳಿಗೆ ಮೂವತ್ತರ ಪ್ರಾಯ. ಓಮನ ಟೀಚರ್ ಮೊದಲನೆಯ ಮಹಡಿಯ ತಿರುವಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತರು. ನಾವು ಕಾಣದವರಂತೆ ನೋಟಿಸ್ ಬೋರ್ಡ್ ಓದಿದೆವು.

ಆಮೇಲೆ ವಿಜಯೋತ್ಸವ. ಸ್ಟ್ಯಾಚ್ಯೂ ಜಂಕ್ಷನ್ನಿನ ಹತ್ತಿರ ಒಂದು ಹೋಟೆಲಿನಲ್ಲಿ ಬಾಳೆಲೆ ಊಟ, ಕೊನೆಗೆ ಬೋಳಿ. ತಿರುವನಂತಪುರದ ಬೋಳಿ ಎಂದರೆ ಮತ್ತೇನಲ್ಲ, ಹಳದಿ ಬಣ್ಣದ ನಮ್ಮ ಹೋಳಿಗೆ. ಅದರ ಮೇಲೆ ಇವರು ಪಾಯಸ ಸುರಿದುಕೊಂಡು ಕಲಸಿ ತಿನ್ನುತ್ತಾರೆ. ಹೋಳಿಗೆಗೆ ತುಪ್ಪವೋ ಹಾಲೋ ಎಂಬ ಪ್ರಶ್ನೆಯಲ್ಲೇ ಜೀವ ಸವೆಸಿದ ವಂಶದವನು ನಾನು. ಪಾಯಸವೇ? ತತ್ವಕ್ಕೆ ವಿರುದ್ಧ ಎಂದು ಹೇಳಿ ಎರಡು ಸಲ ಹಾಕಿಸಿಕೊಂಡೆ.

ವಾಪಸು ಬರುವಾಗ ರೈಲಿನಲ್ಲಿ ಯೋಚಿಸಿದೆ. ಸೌಹಾರ್ದ ಸಪ್ತಾಹಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬ್ಯಾನರ್, ಪ್ರತಿಜ್ಞೆ, ಎಲ್ಲ ವೇಷದ ಮಕ್ಕಳೂ ಕೈ ಹಿಡಿದು ನಿಂತ ಫೋಟೊ. ಮರುದಿನ ಬ್ಯಾನರ್ ಯಾರದೋ ಮನೆಯ ಸೋರುವ ಸೂರಿನ ಮೇಲೆ. ಇತ್ತಾ ಅದ್ಯಾವುದನ್ನೂ ಮಾಡಲಿಲ್ಲ. ಸಭೆಯ ದಿನ ಬದಲಿಸಿದರು, ಜಾಗ ಬದಲಿಸಿದರು, ಭಾಷಣ ಕಡಿತ ಮಾಡಿದರು, ಪ್ರಶ್ನೆ ಕೇಳುವಷ್ಟು ಹೊತ್ತು ಬಾಯಿ ಮುಚ್ಚಿ ಕೂತರು. ಯಾವ ಕಾರ್ಪೊರೇಷನ್ನಿಗೆ, ಯಾವ ಪಂಚಾಯಿತಿಗೆ ಇದು ಅಸಾಧ್ಯ? ಕುರ್ಚಿಗಳೂ ಇವೆ. ಹೊರಲು ನನ್ನಂಥ ನಿವೃತ್ತ ತಲೆಗಳೂ ಬೇಕಾದಷ್ಟಿವೆ.

ಹೋದ ಭಾನುವಾರ ಮತ್ತೆ ವಾರ್ಡ್ ಸಭೆ. ಅದೇ ಅಂಗಳ. ಅಂಗನವಾಡಿ ಉಳಿದದ್ದಕ್ಕೆ ಪಾಯಸ ಹಂಚಿದೆವು. ನನಗೆ ಒಂದು ಶಾಲು ಹೊದಿಸಿದರು. ಜೈತೂನಬಿಗೂ ಹೊದಿಸಿದರು. "ಇದು ಚಲೋ ಬಟ್ಟಿ ಐತ್ರೀ, ಸಾರಾನ ತೊಟ್ಲಕ್ಕ ಬರ್ತಿತ್ತು, ಆಕಿ ದೊಡ್ಡಾಕಿ ಆಗ್ಬಿಟ್ಲು" ಎಂದರು ಅವರು. ಎಲ್ಲ ಸುಖವಾಗಿ ನಡೆಯುತ್ತಿತ್ತು.

ಆಗ ಝರ್ನಾ ಎದ್ದಳು. ಈ ಸಲ ಜೈತೂನಬಿಯ ಕಡೆ ನೋಡಲಿಲ್ಲ. ನೇರ ಕೌನ್ಸಿಲರ್ ಕಡೆ ಕೈ ಚಾಚಿ, ಮುರುಕು ಮಲಯಾಳಂನಲ್ಲಿ ಜೋರಾಗಿ ಶುರುಮಾಡಿದಳು. ನಮ್ಮ ಗಲ್ಲಿಯ ಬೀದಿದೀಪ ಮೂರು ವಾರದಿಂದ ಉರಿಯುತ್ತಿಲ್ಲ. ಶೆಡ್ಡಿನಿಂದ ಬರುವಾಗ ಕತ್ತಲೆ. ಎರಡು ಸಲ ಹೇಳಿಯಾಯಿತು. ಪಾಯಸ ಹಂಚಲು ಪುರುಸೊತ್ತಿದೆ, ಬಲ್ಬ್ ಹಾಕಲು ಪುರುಸೊತ್ತಿಲ್ಲವೇ? ಈ ಕನ್ವೀನರ್ ಸಾರ್ ಶಾಲು ಹೊದ್ದುಕೊಂಡು ಏನು ಮಾಡುತ್ತಿದ್ದಾರೆ?

ವ್ಯಾಕರಣ ಎಲ್ಲ ತಪ್ಪು. ವಿಷಯ ಪೂರ್ತಿ ಸರಿ.

ಸಭೆಯ ತುಂಬ ಚಪ್ಪಾಳೆ. ಇತ್ತಾ ತಲೆ ತಗ್ಗಿಸಿ ಬೈಸಿಕೊಂಡರು. ಆಮೇಲೆ ನನ್ನ ಕಡೆ ಬಾಗಿ, "ನೋಡಿದಿರಾ ಸಾರೇ, ಇವತ್ತು ಇವಳು ಈ ಊರಿನವಳಾದಳು" ಎಂದು ಪಿಸುಗುಟ್ಟಿದರು. ಬೈಸಿಕೊಂಡು ಇಷ್ಟು ಖುಷಿಪಟ್ಟ ಜನಪ್ರತಿನಿಧಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಸಂಗತಿ ಬೇರೆ. ಇಷ್ಟು ವರ್ಷ ಇದೇ ವಾರ್ಡಿನಲ್ಲಿದ್ದು, ಎದ್ದು ನಿಂತು ಒಂದು ಬಲ್ಬ್ ಕೇಳಿದವನಲ್ಲ ನಾನು. ಈ ಹೆಂಗಸು ಅದನ್ನು ತನ್ನ ಎರಡನೆಯ ಸಭೆಯಲ್ಲೇ ಮಾಡಿ ಮುಗಿಸಿದಳು.

ನಿಮ್ಮ ವಾರ್ಡಿನಲ್ಲಿ ಹೀಗೆ ಎದ್ದು ನಿಂತು ಬೈಯಲು ಹೆದರದವರು ಎಷ್ಟು ಜನ ಇದ್ದಾರೆ, ಮತ್ತು ಅವರಲ್ಲಿ ನೀವೂ ಇದ್ದೀರಾ?